ಏಕವಚನದವರು

ನಮ್ಮ ದೊಡ್ಡಪ್ಪನಿಗೆ ಈಗ 92. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸಕ್ಕೆ ಸೇರಿ ಪೋಸ್ಟ್ ಮಾಸ್ಟರಾಗಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಅವರನ್ನು ಆಟೊದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋಗುವುದು ನನ್ನ ಪಾಲಿನ ಕೆಲಸ. ಬದುಕಿದ್ದಾರೆ ಎಂದು ತೋರಿಸಿ ಬರಬೇಕಲ್ಲ. ಪೆನ್ಷನ್‌ದಾರರೆಲ್ಲ ನವೆಂಬರಿನಲ್ಲಿ ಕೊಡುವ ಜೀವನ ಪ್ರಮಾಣಪತ್ರವನ್ನು 80 ದಾಟಿದವರು ಒಂದು ತಿಂಗಳು ಮೊದಲೇ ಕೊಡಬಹುದು. ‘ನವೆಂಬರ್ ತನಕ ಇರ್ತೀವೋ ಇಲ್ವೋ ಅಂತ ಸರ್ಕಾರಕ್ಕೇ ಅನುಮಾನ ನೋಡಪ್ಪ’ ಎಂದು ದೊಡ್ಡಪ್ಪ ಪ್ರತಿ ವರ್ಷವೂ ಆಟೊದವನಿಗೆ ಹೇಳುತ್ತಾರೆ. ಆಟೊದವನು ಪ್ರತಿ ವರ್ಷವೂ ಬೇರೆಯವನಾದ್ದರಿಂದ ಮಾತು ಹಳೆಯದಾಗುವುದಿಲ್ಲ.

ಈ ಸಲ ಯಂತ್ರಕ್ಕೆ ಅವರ ಹೆಬ್ಬೆರಳು ಸಿಗಲಿಲ್ಲ. ಕೌಂಟರಿನ ಹುಡುಗಿ ಗಾಜನ್ನು ಒರೆಸಿದಳು. ‘ತಾತ, ಇನ್ನೊಂದ್ಸಲ ಒತ್ತಿ’ ಎಂದಳು. ಒತ್ತಿದರು. ಕೆಂಪು ದೀಪ. ತೋರುಬೆರಳು, ಮಧ್ಯದ ಬೆರಳು, ಆಮೇಲೆ ಎಡಗೈ. ತನ್ನ ಚೀಲದಿಂದ ಕ್ರೀಮ್ ತೆಗೆದು ಅವರ ಹೆಬ್ಬೆರಳಿಗೆ ಹಚ್ಚಿ, ಟಿಶ್ಯೂ ಕಾಗದದಿಂದ ಒರೆಸಿ, ಅವರ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿ ಹಿಡಿದಳು. ಮತ್ತೆ ಕೆಂಪು. ನಾನು ಬಗ್ಗಿ ನೋಡಿದೆ. ಬೆರಳ ತುದಿ ನದಿಯ ಕಲ್ಲಿನ ಹಾಗೆ ನುಣ್ಣಗಿತ್ತು, ಗೆರೆಯೆಂಬ ಗೆರೆಯೆಲ್ಲ ಸವೆದುಹೋಗಿತ್ತು. ‘ಊರವರ ಕಾಗದಕ್ಕೆಲ್ಲ ಮುದ್ರೆ ಒತ್ತಿದ ಕೈ ಕಣಮ್ಮ. ಈಗ ಇದರ ಮುದ್ರೆಯೇ ಬೀಳ್ತಿಲ್ಲ’ ಎಂದರು ದೊಡ್ಡಪ್ಪ.

ಸರ್ವರ್ ಬೇರೆ ನಿಧಾನ. ಕಾಯುತ್ತ ಕೂತಾಗ ಹುಡುಗಿ ಎಲ್ಲರೂ ಕೇಳುವುದನ್ನೇ ಕೇಳಿದಳು: ‘ತಾತ, ಇಷ್ಟು ಗಟ್ಟಿಯಾಗಿದೀರಲ್ಲ, ಏನು ಗುಟ್ಟು?’

‘ಗುಟ್ಟೇನೂ ಇಲ್ಲಮ್ಮ. ಜೊತೆಯವರೆಲ್ಲ ಮೊದಲು ಹೋದ್ರು. ನಾನು ಹಿಂದೆ ಬಿದ್ದೆ, ಅಷ್ಟೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು. ‘ನನ್ನನ್ನ ಹೋಗೋ ಬಾರೋ ಅನ್ನೋನು ಈಗ ಒಬ್ಬನೇ ಉಳಿದಿದಾನೆ ಕಣೋ. ಶಿವಮೊಗ್ಗದಲ್ಲಿ.’

ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಎಷ್ಟು ವರ್ಷ ಬದುಕಿದೆವು ಎಂದು ಎಣಿಸುತ್ತೇವೆ; ನಮ್ಮನ್ನು ‘ನೀನು’ ಎನ್ನುವವರು ಎಷ್ಟು ಜನ ಉಳಿದಿದ್ದಾರೆ ಎಂದು ಎಣಿಸುವುದಿಲ್ಲ. ಹುಟ್ಟಿದಾಗ ಲೋಕವೆಲ್ಲ ನಮ್ಮನ್ನು ಏಕವಚನದಲ್ಲೇ ಮಾತಾಡಿಸುತ್ತದೆ. ಮೀಸೆ ಬಂದಾಗ, ನೌಕರಿ ಸಿಕ್ಕಾಗ, ಮದುವೆಯಾದಾಗ ಒಂದೊಂದೇ ಕಡೆಯಿಂದ ‘ರೀ’ ಸೇರಿಕೊಳ್ಳುತ್ತದೆ, ಆಗ ಹಿಗ್ಗುತ್ತೇವೆ. ಬಹುವಚನ ಕೊಡುವವರನ್ನು ಎಷ್ಟು ಬೇಕಾದರೂ ಸಂಪಾದಿಸಬಹುದು. ಏಕವಚನದವರು ಮಾತ್ರ ಬಾಲ್ಯದಲ್ಲೋ ಕಾಲೇಜಿನಲ್ಲೋ ಸಿಕ್ಕಷ್ಟೇ. ಅಲ್ಲಿಂದ ಮುಂದೆ ಆ ಗಂಟು ಕರಗುವುದಷ್ಟೇ, ಬೆಳೆಯುವುದಿಲ್ಲ. 90 ದಾಟಿದವರು ಸುತ್ತಲೂ ಗೌರವ ತುಂಬಿಕೊಂಡು, ಬೈಯುವವರಿಲ್ಲದೆ ಕೂತಿರುತ್ತಾರೆ. ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಸ್ವಲ್ಪ ಪುಣ್ಯವಂತರು. ಅಲ್ಲಿ ಮೊಮ್ಮಗಳು ಅಜ್ಜಿಗೆ ‘ನೀ ಉಂಡೇನು?’ ಎನ್ನುತ್ತಾಳೆ. ಆದರೂ ಅದು ಮಡಿಲಲ್ಲಿ ಬೆಳೆದವರ ಏಕವಚನ. ಜೊತೆಗೆ ಮರ ಹತ್ತಿದವನ ಏಕವಚನವೇ ಬೇರೆ.

ಸರ್ ಎಂ. ವಿಶ್ವೇಶ್ವರಯ್ಯನವರ ವಿಷಯವನ್ನೇ ನೋಡಿ. ದಿವಾನಗಿರಿ ಬಿಟ್ಟದ್ದು 1918ರಲ್ಲಿ, ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಶಾಲೆಯ ಪುಸ್ತಕದಲ್ಲಿ ನಾವು ಓದಿದ ವಿಶ್ವೇಶ್ವರಯ್ಯನವರ ಕಥೆ ಹೆಚ್ಚುಕಡಿಮೆ ದಿವಾನಗಿರಿಗೇ ಮುಗಿಯುತ್ತದೆ, ಆದರೆ ಅದರಾಚೆ ಅವರು 44 ವರ್ಷ ಬಾಳಿದರು. 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಾಗಿದ್ದರು. 90 ದಾಟಿದ ಮೇಲೆ ಬಿಹಾರದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಸಲಹೆಗೆ ಅವರನ್ನು ಕರೆದರು, ಹೋದರು. ಮೊಕಾಮದ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆದಾಗಲೂ ಇದ್ದರು. ಪುಣೆಯಲ್ಲಿ ಎಂಜಿನಿಯರಾಗಿದ್ದ ದಿನಗಳಲ್ಲಿ ಅವರು ಒಡನಾಡಿದ್ದು ರಾನಡೆ, ಗೋಖಲೆಯವರಂಥವರ ಜೊತೆ. ರಾನಡೆ 1901ರಲ್ಲಿ ಹೋದರು, ಗೋಖಲೆ 1915ರಲ್ಲಿ. 1955ರಲ್ಲಿ ಭಾರತ ರತ್ನ ಬಂದಾಗ ಬೆನ್ನು ತಟ್ಟಬೇಕಾದವರೆಲ್ಲ ಪಟವಾಗಿ ಗೋಡೆಗೆ ಏರಿ ದಶಕಗಳಾಗಿದ್ದವು. ಆ ಮನುಷ್ಯ ಮಡಿಕೆ ಮುರಿಯದ ಕೋಟು, ಪೇಟ, ಗಡಿಯಾರದ ಹಿಡಿತ ಬಿಡದೆ ಕೊನೆವರೆಗೂ ಶಿಸ್ತಾಗಿ ಇದ್ದುದನ್ನು ಜನ ಹೊಗಳುತ್ತಾರೆ. ನನಗೇನೋ, ‘ಅಯ್ಯಾ, ಇವತ್ತೊಂದು ದಿನ ಟೈ ಬಿಚ್ಚೋ’ ಎನ್ನಬಲ್ಲವರು ಯಾರೂ ಉಳಿದಿರದಿದ್ದುದೂ ಅದಕ್ಕೊಂದು ಕಾರಣ ಇರಬಹುದೇ ಎನ್ನಿಸುತ್ತದೆ.

ಗುಟ್ಟಿನ ಮಾತಿಗೆ ಬರುತ್ತೇನೆ. ನಾವು ಪತ್ರಿಕೆಯವರು ಈ ಪ್ರಶ್ನೆಯನ್ನು ಸವೆಸಿ ಹಾಕಿದ್ದೇವೆ. ನಾನೂ ಕೇಳಿದ್ದೇನೆ, ನಾಚಿಕೆಯಿಲ್ಲದೆ ತಲೆಬರಹಕ್ಕೂ ಏರಿಸಿದ್ದೇನೆ. ಉತ್ತರಗಳೂ ಸವೆದವೇ: ಮಿತ ಆಹಾರ, ಬೇಗ ಏಳುವುದು, ನಡಿಗೆ, ಮುದ್ದೆ, ಸಿಟ್ಟು ಮಾಡಿಕೊಳ್ಳದಿರುವುದು.

ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ, ಗುಟ್ಟು ಇದೆ ಎನ್ನುವ ವಾದಕ್ಕೆ ಒಳ್ಳೆಯ ಸಾಕ್ಷಿ. ಚಿತ್ರದುರ್ಗದ ಕಡೆಯಿಂದ ಬಂದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿಯವರ ಆಶ್ರಯದಲ್ಲಿ ಅಲ್ಲಿ ಪಾಠ ಹೇಳಿದರು. 1888ರಲ್ಲಿ ಹುಟ್ಟಿದ ಅವರು 1989ರಲ್ಲಿ, ನೂರು ತುಂಬಿದ ಮೇಲೆ ಮದರಾಸಿನಲ್ಲಿ ತೀರಿಕೊಂಡರು. 96ರಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆ ಬೇಡವೆಂದು, ಹಾಸಿಗೆಯಲ್ಲೇ ಮಾಡಬಹುದಾದ ಆಸನಗಳನ್ನು ತಾವೇ ರೂಪಿಸಿಕೊಂಡರು. ಅವರ ಶಿಷ್ಯ ಪಟ್ಟಾಭಿ ಜೋಯಿಸರು 93 ವರ್ಷ ಬಾಳಿದರು. ಇನ್ನೊಬ್ಬ ಶಿಷ್ಯೆ, ರಿಗಾ ಪಟ್ಟಣದಲ್ಲಿ ಹುಟ್ಟಿ ಮೈಸೂರಿಗೆ ಬಂದ ಇಂದ್ರಾದೇವಿ, 102. ಎಲ್ಲರಿಗಿಂತ ಸೋಜಿಗ ಬಿ.ಕೆ.ಎಸ್. ಅಯ್ಯಂಗಾರ್ ಅವರದು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಮಗು. ಮಲೇರಿಯಾ, ಕ್ಷಯ, ಟೈಫಾಯಿಡ್ ಎಲ್ಲವನ್ನೂ ಹಾದ ನರಪೇತಲ ಹುಡುಗ. ಕೃಷ್ಣಮಾಚಾರ್ಯರು ಅವರ ಅಕ್ಕನ ಗಂಡ. ಹದಿನೈದರ ಹುಡುಗ ಭಾವನ ಮನೆಗೆ ಮೈಸೂರಿಗೆ ಬಂದಾಗ ಅವನ ಆಯುಸ್ಸಿನ ಮೇಲೆ ಯಾರೂ ಬಾಜಿ ಕಟ್ಟುತ್ತಿರಲಿಲ್ಲ. 2014ರಲ್ಲಿ ತೀರಿಕೊಂಡಾಗ ಅವರಿಗೆ 95.

ಹಾಗೆಂದು ಇದನ್ನು ಓದಿ ಈ ಸಂಜೆಯೇ ಚಾಪೆ ಕೊಳ್ಳಲು ಹೊರಡಬೇಡಿ. ಮಾಸ್ತಿಯವರ ಸಂಜೆಗಳನ್ನೂ ಸ್ವಲ್ಪ ನೋಡಿ. ಕೊಡೆ ಹಿಡಿದು, ಕೋಟು ತೊಟ್ಟು, ಗವಿಪುರದ ಮನೆಯಿಂದ ಹೊರಟು ಅವರು ಹೋಗುತ್ತಿದ್ದುದು ಬಸವನಗುಡಿಯ ಕ್ಲಬ್ಬಿಗೆ, ಇಸ್ಪೀಟು ಆಡಲು. ಹುಟ್ಟಿದ್ದು 1891ರ ಜೂನ್ 6, ಹೋದದ್ದು 1986ರ ಜೂನ್ 6. ಹಿಡಿದ ಲೆಕ್ಕ ತಪ್ಪದ ಹಾಗೆ ಹುಟ್ಟುಹಬ್ಬದ ದಿನವೇ 95 ತುಂಬಿಸಿ ಎದ್ದರು. ಯೋಗಶಾಲೆಯವರಿಗೂ ಇಸ್ಪೀಟಿನವರಿಗೂ ಅದೇ 95. ಅದೇ ಮುದ್ದೆ ಉಂಡು, ಅದೇ ಲಾಲ್‌ಬಾಗಿನಲ್ಲಿ ಅಷ್ಟೇ ಸುತ್ತು ಹಾಕಿ, 60ಕ್ಕೇ ಹೊರಟುಹೋದವರೂ ಇದ್ದಾರೆ. ಅವರನ್ನು ಗುಟ್ಟು ಕೇಳಲು ನಾವು ಹೋಗುವುದಿಲ್ಲ. ದೊಡ್ಡಪ್ಪನ ಉತ್ತರವೇ ಸರಿ: ಕೆಲವರು ಹಿಂದೆ ಬೀಳುತ್ತಾರೆ.

ಆದರೆ ಹಿಂದೆ ಬಿದ್ದವರು ಏನು ಮಾಡಿದರು? ನನಗೆ ಅದು ಮುಖ್ಯ. ಕ್ಲಬ್ಬಿನ ಮೇಜೆಂದರೆ, ನಾಲ್ಕು ಜನ ಎದುರುಬದುರು ಕೂತು ಎಲೆ ತಪ್ಪು ಬಿಟ್ಟಾಗ ಬೈದುಕೊಳ್ಳುವ ಜಾಗ. ಮಾಸ್ತಿಯವರು ಅಲ್ಲಿಗೆ ಹೋಗುತ್ತಿದ್ದುದು ಬರೀ ಆಟಕ್ಕೇ ಅಲ್ಲದಿರಬಹುದು. ಜ್ಞಾನಪೀಠ ಬಂದದ್ದು 1983ರಲ್ಲಿ, 92ರ ವಯಸ್ಸಿನಲ್ಲಿ, ‘ಚಿಕ್ಕವೀರ ರಾಜೇಂದ್ರ’ಕ್ಕೆ. ಆ ಹೊತ್ತಿಗೆ ಡಿ.ವಿ.ಜಿ. ಇರಲಿಲ್ಲ, ಬೇಂದ್ರೆ ಇರಲಿಲ್ಲ. ಹಾರ ಹಾಕುವವರಿಗೇನೂ ಕೊರತೆಯಿರಲಿಲ್ಲ ಅನ್ನಿ.

ಜಿ. ವೆಂಕಟಸುಬ್ಬಯ್ಯನವರದು ಬೇರೆ ದಾರಿ. ಶ್ರೀರಂಗಪಟ್ಟಣದ ಗಂಜಾಂನ ಈ ಮೇಷ್ಟರು 1913ರಲ್ಲಿ ಹುಟ್ಟಿ 1973ರಲ್ಲಿ ಬೆಂಗಳೂರಿನ ವಿಜಯಾ ಕಾಲೇಜಿನಿಂದ ನಿವೃತ್ತರಾದರು. ನಮ್ಮ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು: ಒಂದು ಹಾರ, ಒಂದು ಶಾಲು, ಒಂದು ಕೈಗಡಿಯಾರ. ಅವರ ಎದುರಿಗೆ ಆಗ ಇದ್ದದ್ದು ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು.

ಅದು ಎಂಥ ಕೆಲಸ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶಾಸನ, ಹಳಗನ್ನಡ ಕಾವ್ಯ, ವಚನ, ದಾಸರ ಪದ, ಗಾದೆ, ಹೊಸ ಕಾದಂಬರಿ, ಎಲ್ಲವನ್ನೂ ಓದಿ ಒಂದೊಂದು ಪದಕ್ಕೂ ಚೀಟಿ ಬರೆಯಬೇಕು. ಪದ ಎಲ್ಲಿ ಬಂತು, ಯಾರು ಬಳಸಿದರು, ಯಾವ ಅರ್ಥದಲ್ಲಿ. ಹಾಗೆ ಲಕ್ಷಗಟ್ಟಲೆ ಚೀಟಿ. ಅವನ್ನು ಅಕಾರಾದಿಯಾಗಿ ಜೋಡಿಸಿ, ಒಂದೇ ಪದದ ಹತ್ತಾರು ಪ್ರಯೋಗಗಳನ್ನು ಕಾಲಾನುಕ್ರಮಕ್ಕೆ ತಂದು, ಯಾವ ಅರ್ಥ ಮೊದಲು ಹುಟ್ಟಿತು, ಯಾವುದು ಆಮೇಲೆ ಅಂಟಿಕೊಂಡಿತು ಎಂದು ತೀರ್ಮಾನಿಸಬೇಕು. ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ. ಎಂಟನೆಯದು, ಕೊನೆಯದು, 1995ರಲ್ಲಿ. ಒಟ್ಟು 9 ಸಾವಿರಕ್ಕೂ ಹೆಚ್ಚು ಪುಟ. ಈ ಕೆಲಸದ ಹಿರಿಯರಲ್ಲಿ ತೀ.ನಂ.ಶ್ರೀ. 1966ರಲ್ಲಿ ಹೋದರು, ಎ.ಆರ್. ಕೃಷ್ಣಶಾಸ್ತ್ರಿಗಳು 1968ರಲ್ಲಿ, ಇಬ್ಬರೂ ಮೊದಲ ಸಂಪುಟವನ್ನೂ ಕಾಣಲಿಲ್ಲ. ಡಿ.ಎಲ್. ನರಸಿಂಹಾಚಾರ್ಯರು 1971ರಲ್ಲಿ ಹೋದರು. ಅ ಅಕ್ಷರದಿಂದ ಹೊರಟ ಬಂಡಿ ಹಕಾರ ಮುಟ್ಟುವುದರೊಳಗೆ ನೊಗ ಹಿಡಿದವರು ಒಬ್ಬೊಬ್ಬರಾಗಿ ಇಳಿದುಹೋದರು. ವೆಂಕಟಸುಬ್ಬಯ್ಯನವರು ಕೊನೆಯ ನಿಲ್ದಾಣದಲ್ಲಿ ಇಳಿದಾಗ 80 ದಾಟಿತ್ತು.

ಅಲ್ಲಿಗಾದರೂ ಕೈ ತೊಳೆದುಕೊಳ್ಳಬಹುದಿತ್ತು. ಆದರೆ 1991ರಲ್ಲೇ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಶುರುವಾಗಿತ್ತು. ಓದುಗರು ಪದದ ಅರ್ಥ ಕೇಳಿ ಕಾಗದ ಬರೆಯುವುದು, ಅವರು ಉತ್ತರ ಕೊಡುವುದು. ನಮ್ಮ ದೊಡ್ಡಪ್ಪನೂ ಒಂದು ಕಾರ್ಡು ಬರೆದಿದ್ದರಂತೆ, ‘ಟಪಾಲು’ ಯಾವ ಭಾಷೆಯದು ಎಂದು ಕೇಳಿ. ‘ಅಚ್ಚಾಗ್ಲಿಲ್ಲ. ಕಾರ್ಡು ತಲುಪಲಿಲ್ಲ ಅನ್ಸತ್ತೆ’ ಎಂದು ಅಂಚೆಯವರೇ ಅಂಚೆಯನ್ನು ದೂರುತ್ತಾರೆ. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಮೇಷ್ಟರಿಗೆ 97. ಆ ವಯಸ್ಸಿನಲ್ಲಿ ಅವರ ಸುತ್ತ ಇದ್ದವರಲ್ಲಿ ಅನೇಕರು ಶಿಷ್ಯರ ಶಿಷ್ಯರು. ಏಕವಚನದವರ ಕೊರತೆಯನ್ನು ಅವರು ತುಂಬಿಕೊಂಡದ್ದು ಹೀಗೆ ಎಂದು ನನ್ನ ಊಹೆ: ದಿನವೂ ಬೆಳಿಗ್ಗೆ ಯಾವುದೋ ಊರಿನ ಯಾರೋ ಒಬ್ಬರು ಅವರಿಗೆ ಏನನ್ನೋ ಕೇಳುತ್ತಿದ್ದರು. ನಮಸ್ಕಾರ ಮಾಡಿ ಎದ್ದುಹೋಗುವ ಜನಕ್ಕಿಂತ, ಗೊತ್ತಿಲ್ಲದ್ದನ್ನು ಕೇಳಲು ಬರುವ ಜನ ಮುದುಕರಿಗೆ ಹೆಚ್ಚು ಬೇಕು.

2021ರ ಏಪ್ರಿಲ್ 19ರಂದು ಅವರು ತೀರಿಕೊಂಡರು. ಊರಲ್ಲಿ ಕೋವಿಡ್‌ನ ಎರಡನೇ ಅಲೆ. ಅದಾಗಿ ಐದು ವಾರಕ್ಕೆ, ಮೇ 26ಕ್ಕೆ, ಎಚ್.ಎಸ್. ದೊರೆಸ್ವಾಮಿಯವರೂ ಹೊರಟರು. ಒಬ್ಬರಿಗೆ 107, ಇನ್ನೊಬ್ಬರಿಗೆ 103. ಸಾವಿನ ಸುದ್ದಿ ಬಿಟ್ಟು ಬೇರೇನೂ ಇಲ್ಲದ ಆ ದಿನಗಳ ಪತ್ರಿಕೆಯಲ್ಲಿ ಈ ಎರಡೂ ಒಂದೊಂದು ದಿನದ ಸುದ್ದಿಯಾಗಿ ಸರಿದುಹೋದವು.

ಜೀವನ ಪ್ರಮಾಣಪತ್ರದ ಮಾತಿಗೆ ದೊರೆಸ್ವಾಮಿಯವರು ನೆನಪಾಗದೆ ಇರುವುದಿಲ್ಲ. 1942ರ ಚಳವಳಿಯಲ್ಲಿ ಜೈಲು ಕಂಡವರು. ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೆ ಕಟುವಾಗಿ ಕಾಗದ ಬರೆದು ಮತ್ತೆ ಜೈಲು ಕಂಡವರು. 96ರಲ್ಲಿ ಸರ್ಕಾರಿ ಭೂಮಿಯ ಒತ್ತುವರಿ ವಿರುದ್ಧ 39 ದಿನ ಧರಣಿ ಕೂತರು. ನೂರಾದ ಮೇಲೂ ಒಬ್ಬರಿಗೂ ಹಿಡಿಸದ ಮಾತನ್ನು ಆಡುವ ಚಟ ಬಿಡಲಿಲ್ಲ. ಆಗ, 2020ರಲ್ಲಿ, ಶಾಸಕರೊಬ್ಬರು ಈ ಮನುಷ್ಯ ನಿಜಕ್ಕೂ ಸ್ವಾತಂತ್ರ್ಯ ಹೋರಾಟಗಾರನೇ ಎಂದು ಪ್ರಶ್ನೆ ಎತ್ತಿದರು. ಹಳೆಯ ಜೈಲಿನ ಪ್ರಮಾಣಪತ್ರ ಹೊರಬಂತು, ಪತ್ರಿಕೆಗಳಲ್ಲಿ ಅಚ್ಚಾಯಿತು. ವಾದ ಅದಕ್ಕೂ ನಿಲ್ಲಲಿಲ್ಲ, ಅದು ಬಿಡಿ. ನಾನು ಯೋಚಿಸುವುದು ಇನ್ನೊಂದನ್ನು. 78 ವರ್ಷದ ಹಿಂದೆ ಅದೇ ಸೆಲ್ಲಿನಲ್ಲಿ ಅದೇ ತಟ್ಟೆಯಲ್ಲಿ ಗಂಜಿ ಕುಡಿದ ಗೆಳೆಯನೊಬ್ಬ ಇದ್ದಿದ್ದರೆ ಎದ್ದು ನಿಂತು, ‘ಏಯ್, ಇವನು ನನ್ನ ಪಕ್ಕದಲ್ಲೇ ಮಲಗಿದ್ದ ಕಣ್ರೀ’ ಎನ್ನುತ್ತಿದ್ದ. ದೀರ್ಘಕಾಲ ಬದುಕಿದವರ ಸಾಕ್ಷಿಗಳೆಲ್ಲ ಮೊದಲೇ ಎದ್ದುಹೋಗಿರುತ್ತಾರೆ. ಉಳಿಯುವುದು ಕಾಗದ. ದೊರೆಸ್ವಾಮಿಯವರ ಹೆಂಡತಿ ಲಲಿತಮ್ಮನವರೂ ಅದಕ್ಕೆ ಸ್ವಲ್ಪ ಮೊದಲು, 2019ರ ಕೊನೆಯಲ್ಲಿ, ಹೋಗಿದ್ದರು.

ಹೆಂಡತಿ, ಗಂಡ, ಗೆಳೆಯ ಹೋಗುವುದು ಒಂದು ತರಹ. ಮಕ್ಕಳು ಹೋಗುವುದು ಇನ್ನೊಂದು. ಗಂಗೂಬಾಯಿ ಹಾನಗಲ್ ಅವರು 2009ರಲ್ಲಿ ತೀರಿಕೊಂಡಾಗ 96. ಅದಕ್ಕೆ ಐದು ವರ್ಷ ಮೊದಲು ಮಗಳು ಕೃಷ್ಣಾ ಹೋಗಿದ್ದರು. ಕೃಷ್ಣಾ ಎಂದರೆ ಬರೀ ಮಗಳಲ್ಲ. ಕಚೇರಿಯಲ್ಲಿ ಪಕ್ಕದಲ್ಲಿ ಕೂತು, ತಾಯಿಯ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಸ್ವರ ಎತ್ತಿಕೊಳ್ಳುತ್ತಿದ್ದ ದನಿ. ಆ ಹೊತ್ತಿಗೆ ಗಂಗೂಬಾಯಿಯವರಿಗೆ ಸ್ವತಃ ಕ್ಯಾನ್ಸರ್ ಬಂದು ವಾಸಿಯಾಗಿತ್ತು. 2006ರಲ್ಲಿ ಅವರು ಕೊನೆಯ ಕಚೇರಿ ಹಾಡಿದರು, ಮಗಳಿಲ್ಲದೆ, 93ರಲ್ಲಿ.

ಅವರ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೇಳಿದವರಿಗೆ ಗೊತ್ತು, ಅದು ಬೇರೆಯೇ ದನಿ. 1930ರ ದಶಕದ್ದು, ಸಣ್ಣದು, ಗಾಜಿನ ಬಳೆಯಂಥದ್ದು. ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು, ದನಿ ಒಡೆಯಿತು, ಗಂಡಸರ ದನಿಯಂತೆ ದಪ್ಪಗಾಯಿತು. ಇನ್ನೊಬ್ಬರಾಗಿದ್ದರೆ ತಂಬೂರಿಗೆ ಗವಸು ಹಾಕುತ್ತಿದ್ದರು. ಇವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತವರು, ಸಂಜೆ ರೈಲಿನಲ್ಲಿ ವಾಪಸು. ಅದೇ ಒಡೆದ ದನಿಯಲ್ಲಿ 60 ವರ್ಷಕ್ಕೂ ಹೆಚ್ಚು ಹಾಡಿದರು. ಆ ಮೊದಲ ದನಿಯನ್ನು ಎದುರಿಗೆ ಕೂತು ಕೇಳಿದವರು ಅವರ 90ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಎಷ್ಟು ಜನ ಉಳಿದಿದ್ದಾರು? ನಮಗೆ ಗಂಗೂಬಾಯಿ ಎಂದರೆ ಆ ಗಂಭೀರ ದನಿಯೇ. ಅವರಿಗೆ ಮಾತ್ರ ಗೊತ್ತಿತ್ತು, ಇದು ಎರಡನೆಯದು ಎಂದು.

ಕೆಲವರ ಆಸೆ ನೂರು ವರ್ಷಕ್ಕೂ ಮುಗಿಯುವಂಥದ್ದಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದಾಗ ನಲವತ್ತರ ಕವಿ, ಮೇಷ್ಟರು, ಕೃಷಿಕರು. ಅದು ಕರ್ನಾಟಕಕ್ಕೆ ಸೇರಬೇಕೆಂದು ಪಟ್ಟು ಹಿಡಿದು ಇನ್ನೂ 59 ವರ್ಷ ಕಾದರು. 2015ರ ಜೂನ್‌ನಲ್ಲಿ ನೂರು ತುಂಬಿತು, ಆಗಸ್ಟ್‌ನಲ್ಲಿ ಹೋದರು. ಗಡಿ ಇದ್ದಲ್ಲೇ ಇದೆ.

ಶಿವರಾಮ ಕಾರಂತರು ಕಾಯುವ ಜಾತಿಯವರೇ ಅಲ್ಲ. ಕೈಗಾ ಅಣುಸ್ಥಾವರಕ್ಕೆ ಎದುರಾಗಿ 1989ರಲ್ಲಿ ಲೋಕಸಭೆಗೆ ನಿಂತರು, 87ರಲ್ಲಿ. ಸೋತರು. ಗೆದ್ದಿದ್ದರೆ ದಿಲ್ಲಿಯವರ ಗತಿ ಏನಾಗುತ್ತಿತ್ತೋ. 1997ರಲ್ಲಿ ಸಾಯುವ ಮುನ್ನ ಕೈಗೆತ್ತಿಕೊಂಡದ್ದು ಹಕ್ಕಿಗಳ ಪುಸ್ತಕ. ಹಕ್ಕಿಗಳಿಗೆ ಕಾರಂತರು ಜ್ಞಾನಪೀಠದವರೆಂದು ಗೊತ್ತಿಲ್ಲವಲ್ಲ, ಅದೊಂದು ಅನುಕೂಲ.

ಇನ್ನು ವಯಸ್ಸಿನ ಲೆಕ್ಕವೇ ಅಷ್ಟು ಗಟ್ಟಿಯಲ್ಲ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ದೊಡ್ಡಪ್ಪನ ಜನ್ಮದಿನ ಜೂನ್ 1. ಅವರ ತರಗತಿಯ ಅರ್ಧ ಮಕ್ಕಳದ್ದೂ ಜೂನ್ 1. ಶಾಲೆಗೆ ಸೇರಿಸಿದ ಮೇಷ್ಟರ ಕೃಪೆ. ಅಜ್ಜಿಯ ಪ್ರಕಾರ ದೊಡ್ಡಪ್ಪ ಹುಟ್ಟಿದ್ದು ‘ದೊಡ್ಡ ಮಳೆ ಬಂದು ಕೆರೆ ಏರಿ ಒಡೆದ ವರ್ಷ, ಮಹಾಲಯ ಅಮಾವಾಸ್ಯೆ ಕಳೆದು ಮೂರು ದಿನಕ್ಕೆ’. ಸರ್ಕಾರಕ್ಕೆ ಕೆರೆ ಏರಿ ಬೇಡ, ತಾರೀಖು ಬೇಕು. ಯಾಕೆಂದರೆ ಕೇಂದ್ರದ ಪೆನ್ಷನ್‌ಗೆ 80ರಲ್ಲಿ ಶೇ 20, 85ರಲ್ಲಿ 30, 90ರಲ್ಲಿ 40, 95ರಲ್ಲಿ 50ರಷ್ಟು ಹೆಚ್ಚುವರಿ ಸೇರುತ್ತದೆ. ನೂರು ಮುಟ್ಟಿದರೆ ಮೂಲ ಪೆನ್ಷನ್ ನೇರ ದುಪ್ಪಟ್ಟು. ‘ನೂರರ ನಂತರ ನಾನು ಸಾಹುಕಾರ ಕಣೋ, ಆಗ ಆಟೊ ಬಾಡಿಗೆ ನಾನೇ ಕೊಡ್ತೀನಿ’ ಎನ್ನುತ್ತಾರೆ ದೊಡ್ಡಪ್ಪ.

ಶಾಲೆಯ ಮೆಟ್ಟಿಲನ್ನೇ ಹತ್ತದ ಸಾಲುಮರದ ತಿಮ್ಮಕ್ಕನಿಗೆ ಜೂನ್ 1 ಕೂಡ ಇರಲಿಲ್ಲ. 2025ರ ನವೆಂಬರ್ 14ರಂದು ತೀರಿಕೊಂಡಾಗ 114 ಎಂದು ಪತ್ರಿಕೆಗಳು ಬರೆದವು. ನನಗೆ ಆ ಸಂಖ್ಯೆಗಿಂತ ಮಾಗಡಿ ಸೀಮೆಯ ಹುಲಿಕಲ್‌–ಕುದೂರು ರಸ್ತೆಯ 385 ಆಲದ ಮರಗಳ ಲೆಕ್ಕ ಹೆಚ್ಚು ನಂಬಿಕೆಯದು, ಯಾಕೆಂದರೆ ಅವನ್ನು ಹೋಗಿ ಎಣಿಸಬಹುದು. ಮಕ್ಕಳಿಲ್ಲದ ಗಂಡ ಹೆಂಡತಿ, ಕೂಲಿ ಮುಗಿಸಿ ಬಂದು, ಮೊದಲ ವರ್ಷ ಹತ್ತು ಸಸಿ, ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು ನೆಟ್ಟರು. ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದ ಹಾಗೆ ಮುಳ್ಳು ಕಟ್ಟಿದರು. ಗಂಡ ಚಿಕ್ಕಯ್ಯ 1991ರಲ್ಲಿ ಹೋದರು. ‘ಲೇ ತಿಮ್ಮಿ’ ಎಂದು ಕೂಗುತ್ತಿದ್ದ ದನಿ ಅಲ್ಲಿಗೆ ನಿಂತಿರಬೇಕು. ಲೋಕ ಆಕೆಯನ್ನು ಗುರುತಿಸಿದ್ದು ಅದರ ನಂತರ. ಪ್ರಶಸ್ತಿ, ಶಾಲು, ವೇದಿಕೆ, ಮಂತ್ರಿಗಳು, ಎಲ್ಲವೂ ಬಹುವಚನ.

2019ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ನಡೆದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ರಾಮನಾಥ ಕೋವಿಂದರು ಫೋಟೊಗೆ ಈ ಕಡೆ ತಿರುಗಿ ಎನ್ನುತ್ತಿದ್ದ ಹಾಗೆ ಮುದುಕಿ ಕೈಯೆತ್ತಿ ಅವರ ಹಣೆಯನ್ನೇ ಮುಟ್ಟಿ ಹರಸಿಬಿಟ್ಟರು. ಆ ಸಭಾಂಗಣದಲ್ಲಿ ಪ್ರತಿಯೊಂದು ಹೆಜ್ಜೆಗೂ ಶಿಷ್ಟಾಚಾರ ಉಂಟು, ಅತಿಥಿ ಎಲ್ಲಿ ನಿಲ್ಲಬೇಕೆಂಬುದಕ್ಕೂ ಗುರುತು ಉಂಟು. ಸಭೆ ನಕ್ಕಿತು, ರಾಷ್ಟ್ರಪತಿಯೂ ನಕ್ಕರು. ದೇಶದ ಪ್ರಥಮ ಪ್ರಜೆಗೆ ಆ ಹೊತ್ತು ಸಿಕ್ಕಿದ್ದು ಏಕವಚನ. ಆಗ ಅವರಿಗೂ 73. ಅವರನ್ನು ಹಾಗೆ ಮುಟ್ಟಿ ಮಾತಾಡಿಸುವವರು ಎಷ್ಟು ಜನ ಉಳಿದಿದ್ದರೋ ಏನೋ. ಮುಖದಲ್ಲಿ ಆ ನಗು ಸುಮ್ಮನೆ ಬಂದದ್ದಲ್ಲ ಎಂದು ಆವತ್ತೇ ಅನ್ನಿಸಿತ್ತು.

ತಿಮ್ಮಕ್ಕನ ಮಾಗಡಿ ತಾಲ್ಲೂಕಿನ ವೀರಾಪುರದಲ್ಲೇ ಹುಟ್ಟಿದವರು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು. ಅವರದು 111 ವರ್ಷ. ಅವರ ಬಗ್ಗೆ ಎಲ್ಲರೂ ಎಲ್ಲವನ್ನೂ ಬರೆದಾಗಿದೆ. ಒಂದು ಮಾತಷ್ಟೆ: ಅವರ ಸುತ್ತ ಯಾವಾಗಲೂ ಸಾವಿರಗಟ್ಟಲೆ ಮಕ್ಕಳಿದ್ದರು, ಆ ಮಕ್ಕಳ ವಯಸ್ಸು ಮಾತ್ರ ಎಂದೂ ಏರಲಿಲ್ಲ. ಹಳಬರು ಹೋದರೆ ಹೊಸಬರು. ಅವರ ಮುಂದೆ ಪ್ರತಿದಿನ ಹಸಿದು ಸಾಲಿನಲ್ಲಿ ಕೂರುತ್ತಿದ್ದುದು ಅದೇ ಹತ್ತು ವರ್ಷದ ಹುಡುಗ.

ಬ್ಯಾಂಕಿನಲ್ಲಿ ಹನ್ನೆರಡೂಕಾಲಾಯಿತು. ಹೆಬ್ಬೆರಳಿನ ಆಸೆ ಬಿಟ್ಟ ಹುಡುಗಿ ಮೊಬೈಲ್ ತಂದಳು. ಈಗ ಮುಖ ತೋರಿಸಿದರೂ ಸಾಕಂತೆ. ಫೋನನ್ನು ಅವರ ಮುಖದ ಎದುರು ಹಿಡಿದು, ‘ತಾತ, ಕಣ್ಣು ಮಿಟುಕಿಸಿ’ ಎಂದಳು. ಫೋಟೊ ಎದುರು ಹಿಡಿದು ಮೋಸ ಮಾಡಬಾರದಲ್ಲ, ಅದಕ್ಕೆ. ದೊಡ್ಡಪ್ಪ ಜನ್ಮದಲ್ಲಿ ಹುಡುಗಿಯರ ಎದುರು ಕಣ್ಣು ಮಿಟುಕಿಸಿದವರಲ್ಲ. ನನ್ನ ಮುಖ ನೋಡಿದರು. ‘ಮಿಟುಕಿಸಿ ದೊಡ್ಡಪ್ಪ’ ಎಂದೆ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ತೆರೆದರು. ಹಸಿರು ಬಂತು. ಹುಡುಗಿ ಚಪ್ಪಾಳೆ ತಟ್ಟಿದಳು, ಪಕ್ಕದ ಕೌಂಟರಿನವರೂ ನಕ್ಕರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಶಿವಮೊಗ್ಗಕ್ಕೆ ಫೋನ್ ಹಚ್ಚು ಎಂದರು. ಆ ಕಡೆ ಮೊಮ್ಮಗಳು ಎತ್ತಿ ಅಜ್ಜನ ಕೈಗೆ ಕೊಟ್ಟಳು. ಅವರಿಗೆ ಕಿವಿ ಮಂದ, ಇವರಿಗೆ ಉಸಿರು ಕಡಿಮೆ. ಸ್ಪೀಕರ್ ಹಾಕಿದೆ.

‘ಲೋ ಪೋಸ್ಟು! ಇನ್ನೂ ಇದೀಯೇನೋ?’

‘ಇದೀನಿ ಕಣೋ. ಈಗ ತಾನೇ ಸರ್ಕಾರ ಒಪ್ಪಿಕೊಂಡ್ತು.’

‘ಏನಂದೆ?’

‘ಸರ್ಕಾರ ಒಪ್ಪಿಕೊಂಡ್ತು ಅಂದೆ!’

‘ಅದು ಒಪ್ಪಿದ್ರೆ ಎಷ್ಟು ಬಿಟ್ರೆ ಎಷ್ಟು. ಸಿನಿಮಾಕ್ಕೆ ಅಂತ ಇಸ್ಕೊಂಡಿದ್ಯಲ್ಲ ಎಂಟಾಣೆ, ಯಾವಾಗ ಕೊಡ್ತೀಯ?’

‘ಎಂಟಾಣೆ ಎಲ್ಲಿತ್ತೋ, ನಾಲ್ಕಾಣೆ!’

‘ಎಂಟಾಣೆ. ಸುಳ್ಳು ಹೇಳ್ಬೇಡ, ಕಳ್ಳ.’

ಆಟೊ ಬಂತು. ದೊಡ್ಡಪ್ಪ ಕೈಯಾಡಿಸಿ ಅವನನ್ನು ಸ್ವಲ್ಪ ನಿಲ್ಲಲು ಹೇಳಿದರು.